ನೂರರಲ್ಲಿ ಏಳು: ದಡಾರ ದೇಶ ಬಿಟ್ಟು ಹೋಗದಿರುವುದೇಕೆ?

ಚಿಕ್ಕಜಾಜೂರು ದೊಡ್ಡ ಊರಲ್ಲ. ಹೊಳಲ್ಕೆರೆ ತಾಲ್ಲೂಕಿನ ಈ ಊರಿನ ಹೆಸರು ನಾಡಿಗೆ ಗೊತ್ತಿರುವುದು ರೈಲಿನ ದೆಸೆಯಿಂದ. ಬೆಂಗಳೂರು–ಹುಬ್ಬಳ್ಳಿ ಹಳಿ ಬೀರೂರು, ಅಜ್ಜಂಪುರ, ಹೊಸದುರ್ಗ ರೋಡ್ ದಾಟಿ ಇಲ್ಲಿಗೆ ಬಂದು ದಾವಣಗೆರೆ ಕಡೆ ಮುಂದುವರಿಯುತ್ತದೆ. ಇಲ್ಲಿಂದಲೇ ಕವಲೊಡೆದ ಇನ್ನೊಂದು ಹಳಿ ಚಿತ್ರದುರ್ಗ, ಚಳ್ಳಕೆರೆ, ರಾಯದುರ್ಗದ ಮೇಲೆ ಬಳ್ಳಾರಿಗೆ ಹೋಗುತ್ತದೆ. ಅಡಿಕೆ ತೋಟದ ಸೀಮೆ ಮುಗಿದು ಬಯಲುಸೀಮೆ ಶುರುವಾಗುವ ಅಂಚು ಇದು. ಕಾಫಿ ತೋಟಕ್ಕೆ ಹೋಗುವವರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರು, ಹಬ್ಬಕ್ಕೆ ಊರಿಗೆ ಮರಳುವವರು, ಮಡಿಲಲ್ಲಿ ಕೂಸು ಇಟ್ಟುಕೊಂಡು ಗಾಡಿ ಬದಲಿಸುವ ತಾಯಂದಿರು, ಎಲ್ಲರೂ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಾರೆ.

ದಡಾರದ ವೈರಸ್ಸಿಗೆ ಇಷ್ಟು ಸಾಕು. ಸೋಂಕಿರುವ ಮಗು ಕೆಮ್ಮಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಅದು ಎರಡು ಗಂಟೆಯವರೆಗೂ ಜೀವ ಹಿಡಿದಿರುತ್ತದೆ. ಹತ್ತಿರದಲ್ಲಿ ರಕ್ಷಣೆಯಿಲ್ಲದ ಹತ್ತು ಮಂದಿ ಇದ್ದರೆ ಒಂಬತ್ತು ಮಂದಿಗೆ ತಗಲುತ್ತದೆ. ಯಾರಿಗೂ ರಕ್ಷಣೆಯಿಲ್ಲದ ಊರಿನಲ್ಲಿ ಒಬ್ಬ ರೋಗಿ 12ರಿಂದ 18 ಜನರಿಗೆ ಹಂಚುತ್ತಾನೆ. ಸಿಡುಬಿನಲ್ಲಿ ಈ ಸಂಖ್ಯೆ ಅದರ ಮೂರನೇ ಒಂದರಷ್ಟು. ಮನುಷ್ಯರಿಗೆ ಬರುವ ಸೋಂಕುಗಳಲ್ಲಿ ಇದರಷ್ಟು ವೇಗವಾಗಿ ಹಬ್ಬುವಂಥವು ಇಲ್ಲವೇ ಇಲ್ಲ ಎಂದರೂ ನಡೆದೀತು.

ಹೀಗಿದ್ದೂ ಓಡಿಸಲು ಸಾಧ್ಯವಿರುವ ರೋಗಗಳ ಪಟ್ಟಿಯಲ್ಲಿ ತಜ್ಞರು ದಡಾರವನ್ನು ಸೇರಿಸುತ್ತಾರೆ. ಅದಕ್ಕೆ ಕಾರಣಗಳೂ ಇವೆ. ಇದು ಮನುಷ್ಯರಲ್ಲಿ ಮಾತ್ರ ಬದುಕುವ ವೈರಸ್ಸು, ಬಾವಲಿಯಲ್ಲೋ ಇಲಿಯಲ್ಲೋ ಅಡಗಿ ಕೂರುವುದಿಲ್ಲ. ಫ್ಲೂ ಹಾಗೆ ವರ್ಷಕ್ಕೊಂದು ವೇಷ ಹಾಕುವುದಿಲ್ಲ. 1954ರಲ್ಲಿ ಅಮೆರಿಕದ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಒಬ್ಬ ಶಾಲಾ ಹುಡುಗನ ರಕ್ತದಿಂದ ಬೇರ್ಪಡಿಸಿದ ವೈರಸ್ಸಿನ ವಂಶಸ್ಥ ತಳಿಗಳೇ ಇಂದಿಗೂ ಲಸಿಕೆಗಳಲ್ಲಿವೆ, ಇಂದಿಗೂ ಕೆಲಸ ಮಾಡುತ್ತವೆ. 1963ರಲ್ಲಿ ಲಸಿಕೆ ಬರುವ ಮುಂಚೆ ಜಗತ್ತಿನಲ್ಲಿ ವರ್ಷಕ್ಕೆ 26 ಲಕ್ಷದಷ್ಟು ಜನ ಇದರಿಂದ ಸಾಯುತ್ತಿದ್ದರು ಎಂಬ ಅಂದಾಜಿದೆ. 2024ರ ಲೆಕ್ಕದಲ್ಲಿ ಆ ಸಂಖ್ಯೆ ಸುಮಾರು 95 ಸಾವಿರ. ಒಳ್ಳೆಯ ಲಸಿಕೆ ಇದೆ, ಅಗ್ಗವಾಗಿದೆ, ಪುಣೆಯಲ್ಲೇ ತಯಾರಾಗುತ್ತದೆ. ಆದರೂ ರೋಗ ಹೋಗಿಲ್ಲ.

ಒಂದು ದೇಶ ದಡಾರಮುಕ್ತ ಎನಿಸಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಅಳತೆ ಇದು: ದೇಶದೊಳಗಿನ ಸೋಂಕಿನ ಸರಪಳಿ ಹನ್ನೆರಡು ತಿಂಗಳಾದರೂ ಕಡಿದಿರಬೇಕು. ಹೊರಗಿನಿಂದ ಯಾರೋ ಹೊತ್ತು ತಂದರೂ ಅದು ವರ್ಷಗಟ್ಟಲೆ ಇಲ್ಲೇ ಸುತ್ತುವಂತಿರಬಾರದು. ಈ ಸ್ಥಿತಿ ಮೂರು ವರ್ಷ ಉಳಿದರೆ ಪರಿಶೀಲನೆ, ಪ್ರಮಾಣಪತ್ರ. ನಮ್ಮ ಆಗ್ನೇಯ ಏಷ್ಯಾ ವಲಯ 2013ರಲ್ಲಿ ಗುರಿ ಇಟ್ಟುಕೊಂಡಾಗ ಗಡುವು 2020 ಇತ್ತು. 2019ರಲ್ಲಿ ಅದನ್ನು 2023ಕ್ಕೆ ಸರಿಸಿ, ಅದೇ ಚುಚ್ಚುಮದ್ದು ತಡೆಯುವ ರುಬೆಲ್ಲಾವನ್ನೂ ಸೇರಿಸಲಾಯಿತು. ಆಮೇಲೆ 2026 ಎಂದಾಯಿತು. 2025ರ ಏಪ್ರಿಲ್ 24ರಂದು ಕೇಂದ್ರ ಆರೋಗ್ಯ ಸಚಿವ ಜೆ.ಪಿ. ನಡ್ಡಾ ದಡಾರ–ರುಬೆಲ್ಲಾ ಶೂನ್ಯ ಅಭಿಯಾನಕ್ಕೆ ಚಾಲನೆ ಕೊಡುತ್ತಾ, ಆ ವರ್ಷದ ಮೊದಲ ಮೂರು ತಿಂಗಳಲ್ಲಿ ದೇಶದ 332 ಜಿಲ್ಲೆಗಳಲ್ಲಿ ಒಂದೂ ದಡಾರ ಪ್ರಕರಣ ವರದಿಯಾಗಿಲ್ಲ ಎಂದರು. ಮೊದಲ ಡೋಸ್ ಶೇ 93.7, ಎರಡನೆಯದು ಶೇ 92.2 ಮಕ್ಕಳಿಗೆ ಮುಟ್ಟಿದೆ ಎಂಬ ಅಂಕಿಯನ್ನೂ ಕೊಟ್ಟರು.

ಪರೀಕ್ಷೆಯಲ್ಲಾದರೆ 93 ಡಿಸ್ಟಿಂಕ್ಷನ್. ದಡಾರದಲ್ಲಿ ಅದು ಫೇಲು. ಯಾಕೆಂದು ಲೆಕ್ಕ ಹಾಕಿಯೇ ನೋಡಬೇಕು.

ಒಂದು ಸಾವಿರ ಕೂಸುಗಳು ಹುಟ್ಟಿವೆ ಎಂದುಕೊಳ್ಳೋಣ. ಒಂಬತ್ತು ತಿಂಗಳು ತುಂಬಿದ ಮೇಲೆ 937ಕ್ಕೆ ಮೊದಲ ಡೋಸ್ ಬಿತ್ತು. ಆ ವಯಸ್ಸಿನಲ್ಲಿ ಹಾಕಿದ ಲಸಿಕೆ ನೂರರಲ್ಲಿ 85 ಮಕ್ಕಳಲ್ಲಿ ಮಾತ್ರ ಹಿಡಿಯುತ್ತದೆ. ಹಾಗಾಗಿ ರಕ್ಷಣೆ ಸಿಕ್ಕಿದ್ದು ಸುಮಾರು 796 ಮಕ್ಕಳಿಗೆ. ಹದಿನಾರು ತಿಂಗಳ ಮೇಲೆ 922 ಮಕ್ಕಳು ಎರಡನೆಯ ಡೋಸಿಗೆ ಬಂದವು. ಮೊದಲ ಸಲ ಹಿಡಿಯದವರಲ್ಲಿ ಹೆಚ್ಚಿನವರಿಗೆ ಈಗ ಹಿಡಿಯಿತು, ಇನ್ನೊಂದು 132 ಸೇರಿತು. ಒಟ್ಟು 928. ಉಳಿದದ್ದು 72, ನೂರಕ್ಕೆ ಏಳು. ಸರಪಳಿ ಕಡಿಯಬೇಕಾದರೆ ಸಮಾಜದಲ್ಲಿ ನೂರಕ್ಕೆ 95ರಷ್ಟು ಜನರಿಗೆ ರಕ್ಷಣೆ ಇರಬೇಕು ಎಂಬುದು ಅಂಗೀಕೃತ ಅಂದಾಜು. ಎರಡು ಡೋಸುಗಳಲ್ಲೂ ತೊಂಬತ್ತು ದಾಟಿದ ಮೇಲೂ ನಾವು ಗೆರೆಯ ಈಚೆಗೇ ಇದ್ದೇವೆ. ಭಾರತದಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಕೂಸುಗಳು ಹುಟ್ಟುತ್ತವೆ. ಆ ಲೆಕ್ಕಕ್ಕೆ ವರ್ಷಕ್ಕೆ ಹದಿನಾರು ಲಕ್ಷ ಮಕ್ಕಳು ರಕ್ಷಣೆಯಿಲ್ಲದೆ ಬೆಳೆಯುತ್ತವೆ. ಮರುವರ್ಷ ಇನ್ನಷ್ಟು. ಇವರು ಕರಗುವುದಿಲ್ಲ, ರೋಗ ಬಂದು ಮುಟ್ಟುವವರೆಗೆ ಜಮೆಯಾಗುತ್ತಾ ಹೋಗುತ್ತಾರೆ.

ಈ ಏಳು ಮಕ್ಕಳು ನಾಡಿನುದ್ದಕ್ಕೂ ಸಮನಾಗಿ ಹರಡಿದ್ದರೆ ಅಪಾಯ ಇಷ್ಟಿರುತ್ತಿರಲಿಲ್ಲ. ಹಾಗಿಲ್ಲ ಎಂಬುದೇ ಇಡೀ ಸಮಸ್ಯೆಯ ತಿರುಳು. ಒಂದು ಬೀದಿಯಲ್ಲಿ ನೂರಕ್ಕೆ ನೂರು ಲಸಿಕೆಯಾಗಿದ್ದರೆ ಪಕ್ಕದ ಹಟ್ಟಿಯಲ್ಲಿ ಅರವತ್ತು. ಜಿಲ್ಲೆಯ ಸರಾಸರಿ ಎರಡನ್ನೂ ಕೂಡಿಸಿ ಚಂದದ ಸಂಖ್ಯೆ ಕೊಡುತ್ತದೆ. ವೈರಸ್ಸಿಗೆ ಸರಾಸರಿ ಗೊತ್ತಿಲ್ಲ.

ರೋಗ ಒಂದು ಜಾಗದಲ್ಲಿ ನೆಲೆ ನಿಲ್ಲಲು ಎಷ್ಟು ಜನ ಬೇಕು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಬಗೆ ಸ್ವಾರಸ್ಯವಾಗಿದೆ. 1846ರಲ್ಲಿ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಿಗೆ ದಡಾರ ಬಂತು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನಂ ಎಂಬ ಎಳೆಯ ವೈದ್ಯನನ್ನು ಕಳಿಸಿತು. ಎಂಟು ಸಾವಿರದೊಳಗಿದ್ದ ಜನಸಂಖ್ಯೆಯಲ್ಲಿ ಆರು ಸಾವಿರ ಮಂದಿ ಮಲಗಿದ್ದರು. ಮಲಗದೆ ಓಡಾಡುತ್ತಿದ್ದವರು ಮುದುಕರು, 1781ರಲ್ಲಿ ಹಿಂದಿನ ಸಲ ದಡಾರ ಬಂದಾಗ ಕಂಡವರು. ಒಮ್ಮೆ ಬಂದರೆ ಅರವತ್ತೈದು ವರ್ಷ ಕಳೆದರೂ ಮತ್ತೆ ಬರುವುದಿಲ್ಲ ಎಂದು ಪಾನಂ ಬರೆದ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಅಲ್ಲಿತ್ತು: ನಡುವಿನ ಆ ಅರವತ್ತೈದು ವರ್ಷ ರೋಗ ದ್ವೀಪದಲ್ಲಿ ಇರಲೇ ಇಲ್ಲ. ಸುಡಲು ಸೌದೆ ಮುಗಿದ ಒಲೆ ಆರಿದ ಹಾಗೆ ಆರಿಹೋಗಿತ್ತು. ನೂರು ವರ್ಷದ ಮೇಲೆ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಬಾರ್ಟ್ಲೆಟ್ ನಗರಗಳ ಲೆಕ್ಕ ತೆಗೆದು, ಎರಡೂವರೆಯಿಂದ ಮೂರು ಲಕ್ಷ ಜನರಿರುವ ಕಡೆ ಮಾತ್ರ ದಡಾರ ತಾನಾಗಿ ಆರದೆ ಉಳಿಯುತ್ತದೆ ಎಂದು ತೋರಿಸಿದ. ದ್ವೀಪಗಳ ಲೆಕ್ಕ ಹಾಕಿದವರಿಗೆ ಐದು ಲಕ್ಷ ಬಂತು.

2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.6 ಲಕ್ಷ. ಲಸಿಕೆಯೇ ಇಲ್ಲದಿದ್ದರೆ ಈ ಒಂದು ಜಿಲ್ಲೆಯಲ್ಲೇ ದಡಾರ ಹೊರಗಿನ ಹಂಗಿಲ್ಲದೆ ಬಾಳಿಕೊಂಡಿರಬಹುದಿತ್ತು. ಚಿಕ್ಕಜಾಜೂರಿನಂಥ ಊರಿಗೆ ಆ ಶಕ್ತಿ ಇಲ್ಲ, ಇಡೀ ಹೊಳಲ್ಕೆರೆ ತಾಲ್ಲೂಕಿಗೂ ಇಲ್ಲ. ಇಲ್ಲಿಗೆ ರೋಗ ಬರುವುದು ಬೇರೆ ಕಡೆಯಿಂದ, ಹೋಗುವುದೂ ಬೇರೆ ಕಡೆಗೆ. ಪಾನಂನ ಕಾಲದಲ್ಲಿ ಹಡಗು ಬರಬೇಕಿತ್ತು. ಇಲ್ಲಿ ದಿನಕ್ಕೆ ಎಷ್ಟೋ ರೈಲು ಬರುತ್ತವೆ. ಆದ್ದರಿಂದ ದೇಶದ ದಡಾರ ಎಂದರೆ ಹೀಗೆ ಒಂದಕ್ಕೊಂದು ಹೊಂದಿಕೊಂಡ ಸಾವಿರಾರು ಸಣ್ಣ ಊರುಗಳ ದಡಾರ. ಇಲ್ಲಿ ಆರಿದರೆ ಅಲ್ಲಿ ಹೊತ್ತಿಕೊಂಡಿರುತ್ತದೆ. ಆರಿದ ಕಡೆ ಮೂರು ನಾಲ್ಕು ವರ್ಷದಲ್ಲಿ ಹೊಸ ಮಕ್ಕಳು ತಯಾರಾಗಿರುತ್ತಾರೆ.

ದಡಾರಕ್ಕೊಬ್ಬ ಅಣ್ಣ ಇದ್ದ, ಅವನನ್ನು ನಾವು ಗೆದ್ದಿದ್ದೇವೆ. ನಮ್ಮ ರೈತರು ದೊಡ್ಡರೋಗ ಎಂದು ಕರೆಯುತ್ತಿದ್ದ ದನಗಳ ಪಿಡುಗು, ರಿಂಡರ್‌ಪೆಸ್ಟ್. ಎರಡೂ ಒಂದೇ ಕುಲದ ವೈರಸ್ಸು. ದನದಿಂದ ಮನುಷ್ಯನಿಗೆ ದಾಟಿ ಬೇರೆಯಾದದ್ದು ಕ್ರಿಸ್ತಪೂರ್ವ ಆರನೆಯ ಶತಮಾನದ ಸುಮಾರಿಗೆ ಇರಬಹುದು ಎಂದು 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹೇಳಿತು. ಲಕ್ಷಗಟ್ಟಲೆ ಜನರಿರುವ ನಗರಗಳು ಎದ್ದ ಕಾಲ ಅದು. ಅಮೃತಮಹಲ್ ತಳಿಯ ಕಾವಲುಗಳಿರುವ ಚಿತ್ರದುರ್ಗ, ಅಜ್ಜಂಪುರದ ಸೀಮೆಗೆ ದೊಡ್ಡರೋಗದ ಅರ್ಥ ಗೊತ್ತಿತ್ತು. ಒಮ್ಮೆ ಹೊಕ್ಕರೆ ಕೊಟ್ಟಿಗೆ ಖಾಲಿ. ಮೈಸೂರು ಸರ್ಕಾರ 1920ರ ದಶಕದಲ್ಲೇ ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ತೆರೆದದ್ದು ಈ ರೋಗದ ಹೊಡೆತದಿಂದಾಗಿ. ಹೆಬ್ಬಾಳದ ಪಶು ಜೈವಿಕ ಸಂಸ್ಥೆಯ ಮೂಲ ಅದೇ. ಭಾರತದಲ್ಲಿ ಕೊನೆಯ ದೊಡ್ಡರೋಗ ಕಂಡದ್ದು 1995ರಲ್ಲಿ. 2006ರಲ್ಲಿ ದೇಶ ಮುಕ್ತವೆನಿಸಿತು, 2011ರಲ್ಲಿ ಇಡೀ ಭೂಮಿ.

ಅಣ್ಣ ಹೋದ, ತಮ್ಮ ಉಳಿದ. ವ್ಯತ್ಯಾಸ ಎಲ್ಲಿದೆ? ದೊಡ್ಡರೋಗದ ಹರಡುವ ಕಸುವು ದಡಾರಕ್ಕಿಂತ ಬಹಳ ಕಡಿಮೆ. ಒಂದೇ ಚುಚ್ಚುಮದ್ದು ದನಕ್ಕೆ ಬಾಳಿನುದ್ದಕ್ಕೂ ಸಾಕಾಗುತ್ತಿತ್ತು. ಕೊನೆಯ ಹಂತದಲ್ಲಿ, ಫ್ರಿಜ್ಜಿನಿಂದ ಹೊರಗೆ ತಿಂಗಳವರೆಗೂ ಕೆಡದ ಲಸಿಕೆ ಬಂತು. ಆಫ್ರಿಕದ ಮರುಭೂಮಿಯಲ್ಲಿ ದನಗಾಹಿಗಳೇ ಅದನ್ನು ಚೀಲದಲ್ಲಿ ಹೊತ್ತು ಮಂದೆಯ ಹಿಂದೆ ಹೋಗಿ ಹಾಕಿದರು. ನನ್ನ ಪ್ರಕಾರ ಮುಖ್ಯವಾದದ್ದು ಈ ಕೊನೆಯದೇ. ಲಸಿಕೆ ಹಾಕುವವರು ಮಂದೆ ಇದ್ದಲ್ಲಿಗೆ ಹೋದರು, ಮಂದೆ ಆಸ್ಪತ್ರೆಗೆ ಬರಲಿ ಎಂದು ಕಾಯಲಿಲ್ಲ. ಹಸುವಿನ ಒಪ್ಪಿಗೆ ಕೇಳಬೇಕಿರಲಿಲ್ಲ ಎಂಬುದೂ ನಿಜ.

ದಡಾರದ ಲಸಿಕೆಗೆ ಇಂಥ ಸ್ವಾತಂತ್ರ್ಯ ಇನ್ನೂ ಬಂದಿಲ್ಲ. ಅದು ಬರುವುದು ಒಣಪುಡಿಯಾಗಿ, ಪುಟ್ಟ ವಯಲ್‌ನಲ್ಲಿ. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕು. ಜಿಲ್ಲಾ ದಾಸ್ತಾನಿನಿಂದ ಪಿಎಚ್‌ಸಿಯ ಐಎಲ್‌ಆರ್ ಎಂಬ ತಂಪು ಪೆಟ್ಟಿಗೆಗೆ, ಅಲ್ಲಿಂದ ಐಸ್‌ಪ್ಯಾಕ್ ಇಟ್ಟ ಕ್ಯಾರಿಯರ್‌ನಲ್ಲಿ ಹಳ್ಳಿಗೆ. ಹಳ್ಳಿಯಲ್ಲಿ ಪುಡಿಗೆ ಅದರದೇ ದ್ರಾವಣ ಬೆರೆಸಬೇಕು. ಬೆರೆಸಿದ ಮೇಲೆ ನಾಲ್ಕು ಗಂಟೆ ಮಾತ್ರ ಆಯಸ್ಸು, ಆಮೇಲೆ ಚೆಲ್ಲಲೇಬೇಕು. ಪೋಲಿಯೋ, ಡಿಪಿಟಿ ವಯಲ್‌ಗಳನ್ನು ತೆರೆದಿಟ್ಟು ಮುಂದಿನ ವಾರವೂ ಬಳಸಬಹುದು. ಇದನ್ನು ಬಳಸುವಂತಿಲ್ಲ, ಯಾಕೆಂದರೆ ಕೆಡದಂತೆ ಕಾಯುವ ರಾಸಾಯನಿಕ ಇದರಲ್ಲಿಲ್ಲ, ಬೆರೆಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಈ ನಿಯಮ ಮುರಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟುಕೊಂಡ, ಬಳಸಿದ ರೀತಿಯಲ್ಲಿ ಲೋಪವಾಗಿದೆ ಎಂದು ಆರಂಭಿಕ ವಿಚಾರಣೆ ಹೇಳಿತು, ಸಿಬ್ಬಂದಿ ಅಮಾನತಾದರು. ಲೋಪ ಕೆಳಗಿನವರದೇ ಎಂದು ಕಡತ ಮುಚ್ಚುವುದು ಸುಲಭ. ಬಿಸಿಲಲ್ಲಿ ಒಬ್ಬಳೇ ಕ್ಯಾರಿಯರ್ ಹೊತ್ತು ಹಳ್ಳಿ ಸುತ್ತುವ ಹೆಣ್ಣುಮಗಳ ಮೇಲೆ ಎಷ್ಟು ಸೂಕ್ಷ್ಮದ ಲಸಿಕೆಯ ಹೊಣೆ ಹೊರಿಸಿದ್ದೇವೆ ಎಂದು ಕೇಳಿಕೊಳ್ಳುವುದು ಕಷ್ಟ. ಇಂಥ ಒಂದು ಸಾವಿನ ಸುದ್ದಿ ವಾಟ್ಸಾಪಿನಲ್ಲಿ ಹತ್ತು ಜಿಲ್ಲೆ ದಾಟುತ್ತದೆ, ಲಸಿಕೆಯಿಂದ ಉಳಿದ ಮಗುವಿನ ಸುದ್ದಿ ಮನೆಯ ಹೊಸಿಲನ್ನೂ ದಾಟುವುದಿಲ್ಲ.

ವಯಲ್‌ನ ಗಾತ್ರದ್ದೂ ಒಂದು ಕಥೆ. ಒಂದರಲ್ಲಿ ಐದು ಅಥವಾ ಹತ್ತು ಡೋಸ್. ಗುರುವಾರದ ಲಸಿಕೆಗೆ ಒಬ್ಬ ತಾಯಿ ಮಾತ್ರ ಬಂದರೂ ವಯಲ್ ಒಡೆಯಬೇಕು, ಉಳಿದದ್ದು ಪೋಲಾದರೂ ಚಿಂತೆಯಿಲ್ಲ ಎಂದು ಸರ್ಕಾರದ ಸೂಚನೆಯಿದೆ. ಆದರೆ ಪೋಲಿನ ಲೆಕ್ಕ ಕೇಳುವ ಮೇಲಧಿಕಾರಿಯ ಮುಖ ನೆನಪಾದಾಗ ಕೈ ಹಿಂಜರಿಯುತ್ತದೆ. ‘ಮುಂದಿನ ವಾರ ಬಾರಮ್ಮ, ಇನ್ನೂ ನಾಲ್ಕು ಮಕ್ಕಳು ಬರ್ತಾವೆ’ ಎಂಬ ಮಾತು ಜಗತ್ತಿನಾದ್ಯಂತ ಲಸಿಕೆ ತಪ್ಪಲು ಒಂದು ಕಾರಣ. ಮುಂದಿನ ವಾರ ಆ ತಾಯಿ ಕೂಲಿಗೆ ಹೋಗಿರುತ್ತಾಳೆ.

ಒಂಬತ್ತು ತಿಂಗಳೇ ಯಾಕೆ, ಹುಟ್ಟಿದ ಕೂಡಲೇ ಹಾಕಬಾರದೇ? ತಾಯಿಯಿಂದ ಬಂದ ಪ್ರತಿಕಾಯಗಳು ಕೂಸಿನ ರಕ್ತದಲ್ಲಿ ಕೆಲವು ತಿಂಗಳು ಇರುತ್ತವೆ. ಅವು ರೋಗವನ್ನೂ ತಡೆಯುತ್ತವೆ, ಲಸಿಕೆಯ ವೈರಸ್ಸನ್ನೂ ಕೊಲ್ಲುತ್ತವೆ. ಬೇಗ ಹಾಕಿದರೆ ಹಿಡಿಯುವುದಿಲ್ಲ, ತಡವಾದರೆ ರೋಗ ಮೊದಲು ಬರುತ್ತದೆ. ಇಲ್ಲೊಂದು ವಿಚಿತ್ರ ತೊಡಕೂ ಇದೆ. ಹಿಂದಿನ ತಾಯಂದಿರು ಬಾಲ್ಯದಲ್ಲಿ ನಿಜವಾದ ದಡಾರ ಕಂಡವರು, ಅವರ ಪ್ರತಿಕಾಯ ಗಟ್ಟಿಯಾಗಿತ್ತು. ಈಗಿನ ತಾಯಂದಿರಲ್ಲಿ ಹೆಚ್ಚಿನವರಿಗೆ ಇರುವುದು ಲಸಿಕೆಯ ರಕ್ಷಣೆ. ಅವರಿಂದ ಕೂಸಿಗೆ ದಾಟುವ ಪಾಲು ಕಡಿಮೆ, ಬೇಗ ಸವೆಯುತ್ತದೆ. ಲಸಿಕೆ ಕಾರ್ಯಕ್ರಮ ಯಶಸ್ವಿಯಾದಷ್ಟೂ ಒಂಬತ್ತು ತಿಂಗಳೊಳಗಿನ ಕೂಸಿನ ಬಾಗಿಲು ಹೆಚ್ಚು ಕಾಲ ತೆರೆದಿರುತ್ತದೆ. 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯಲ್ಲಿ ದಡಾರ ಎದ್ದು ಮಕ್ಕಳು ಸಾಯತೊಡಗಿದಾಗ, ಆರು ತಿಂಗಳಿನ ಮಕ್ಕಳಿಗೂ ಹೆಚ್ಚುವರಿ ಡೋಸ್ ಹಾಕಲು ನಿರ್ಧರಿಸಬೇಕಾಯಿತು.

ಗೋವಂಡಿಯ ಪಾಠ ಬೇರೆಯೂ ಇದೆ. ಕೋವಿಡ್‌ನ ಎರಡು ವರ್ಷ ಲಸಿಕೆಯ ಗುರುವಾರಗಳು ತಪ್ಪಿದವು. 2021ರಲ್ಲಿ ದೇಶದಲ್ಲಿ ಒಂದೂ ಲಸಿಕೆ ಕಾಣದ ಮಕ್ಕಳು 27 ಲಕ್ಷ ಇದ್ದವು. ಮರುವರ್ಷ ಆ ಸಂಖ್ಯೆ 11 ಲಕ್ಷಕ್ಕೆ ಇಳಿಯಿತು. ಆದರೆ 2021ರಲ್ಲಿ ತಪ್ಪಿಸಿಕೊಂಡ ಮಗುವಿಗೆ 2022ರ ಅಂಕಿ ಸುಧಾರಿಸಿದ್ದರಿಂದ ಏನೂ ಸಿಗಲಿಲ್ಲ. ಹೋದ ವರ್ಷದ ಬಾಕಿಯನ್ನು ಹುಡುಕಿ ತೀರಿಸುವ ಅಭ್ಯಾಸ ನಮ್ಮ ವ್ಯವಸ್ಥೆಗೆ ಕಡಿಮೆ. ಬಾಕಿ ಮಕ್ಕಳ ಡ್ಯೂ ಲಿಸ್ಟಿನಿಂದ ಹೆಸರು ಇಳಿದರೆ ಮಗುವೂ ಕಣ್ಣಿಂದ ಇಳಿಯುತ್ತದೆ. 2023ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆದ ತೀವ್ರಗೊಳಿಸಿದ ಇಂದ್ರಧನುಷ್ ಅಭಿಯಾನ ಐದು ವರ್ಷದವರೆಗಿನ ಮಕ್ಕಳನ್ನು ಹುಡುಕಿತು, ಅದು ಸರಿಯಾದ ಹೆಜ್ಜೆ.

ಹುಡುಕಬೇಕಾದದ್ದು ಎಲ್ಲಿ? ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಉತ್ತರ ಗುಟ್ಟಿನದ್ದೇನಲ್ಲ. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಲಂಬಾಣಿ ತಾಂಡಾಗಳಿಂದ ಕುಟುಂಬಗಳು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಕಬ್ಬಿನ ಕಟಾವಿಗೆ ಗುಳೆ ಹೋಗುತ್ತವೆ. ಹಿರಿಯೂರು, ಚಳ್ಳಕೆರೆ ಕಡೆಯ ಕುರಿಗಾಹಿಗಳು ಮಂದೆಯ ಜೊತೆ ಹೊಲದಿಂದ ಹೊಲಕ್ಕೆ ತಿಂಗಳುಗಟ್ಟಲೆ ತಿರುಗುತ್ತಾರೆ. ಇಟ್ಟಿಗೆ ಭಟ್ಟಿಗೆ, ರಸ್ತೆ ಕೆಲಸಕ್ಕೆ ಬೇರೆ ರಾಜ್ಯದವರು ಬಂದಿರುತ್ತಾರೆ. ಕಾಫಿ ಕೊಯ್ಲಿನ ಕಾಲ, ಜಾತ್ರೆಯ ಕಾಲ, ಮದುವೆಯ ಕಾಲ ಎಲ್ಲವೂ ಚಳಿಗಾಲದಿಂದ ಬೇಸಿಗೆಯವರೆಗೆ ಬರುತ್ತವೆ. ದಡಾರದ ಕಾಲವೂ ಅದೇ. ಈ ಮಕ್ಕಳ ತಾಯಿ ಕಾರ್ಡ್ ಒಂದು ಊರಿನ ಸಬ್‌ಸೆಂಟರಿನದು, ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಕೂಸು ಇರುವುದು ಇನ್ನೊಂದು ಜಿಲ್ಲೆಯ ತೋಟದ ಲೈನ್ ಮನೆಯಲ್ಲಿ. ಊರಿನ ಆಶಾ ಕಾರ್ಯಕರ್ತೆ ‘ಗುಳೆ ಹೋಗಿದ್ದಾರೆ’ ಎಂದು ಬರೆದುಕೊಳ್ಳುತ್ತಾಳೆ, ಅದು ಸುಳ್ಳಲ್ಲ. ತೋಟದ ಕಡೆಯ ಆಶಾಳ ಪಟ್ಟಿಯಲ್ಲಿ ಆ ಕೂಸು ಇಲ್ಲ, ಅದೂ ಸುಳ್ಳಲ್ಲ. ಇಬ್ಬರ ಪುಸ್ತಕವೂ ಸರಿಯಾಗಿದ್ದು ಕೂಸು ಮಾತ್ರ ಬಾಕಿ. ಎಲ್ಲಿ ಬೇಕಾದರೂ ದಾಖಲೆ ತೆಗೆಯಬಹುದಾದ ಯು–ವಿನ್ ಪೋರ್ಟಲ್ ಈ ಬಿರುಕು ಮುಚ್ಚಲೆಂದೇ ಬಂದದ್ದು. ಆದರೆ ಯಾರಾದರೂ ಮಗುವಿನ ಮುಂದೆ ನಿಂತು ಮೊಬೈಲ್ ತೆಗೆದಾಗ ಮಾತ್ರ ಪೋರ್ಟಲ್ಲಿಗೆ ಕಣ್ಣು ಬರುತ್ತದೆ.

ಲಸಿಕೆ ಬೇಡವೆನ್ನುವವರ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆಯುತ್ತವೆ. 2017ರ ಫೆಬ್ರುವರಿ 5ರಂದು ದೇಶದ ದಡಾರ–ರುಬೆಲ್ಲಾ ಅಭಿಯಾನ ಶುರುವಾದದ್ದು ಬೆಂಗಳೂರಿನಲ್ಲಿ. ಮೊದಲ ಸುತ್ತಿನಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ, ಹಿಂದೆ ಹಾಕಿಸಿದ್ದರೂ ಇನ್ನೊಂದು. ಈ ‘ಇನ್ನೊಂದು’ ಅನುಮಾನಕ್ಕೆ ದಾರಿ ಮಾಡಿತು, ವದಂತಿಗಳು ಹಬ್ಬಿದವು. ಆದರೂ ನಮ್ಮ ಸೀಮೆಯಲ್ಲಿ ನಿಜವಾದ ನಿರಾಕರಣೆಗಿಂತ ದೊಡ್ಡದು ತಪ್ಪಿಹೋಗುವಿಕೆ ಎಂಬುದು ನನ್ನ ಎಣಿಕೆ. ಬೇಡ ಎನ್ನುವವರ ಮನೆ ಊರಿಗೆಲ್ಲ ಗೊತ್ತು, ಅವರ ಹತ್ತಿರ ಮಾತಾಡಬಹುದು. ಬೇಕು ಎನ್ನುವವರು ಊರಲ್ಲಿಲ್ಲದಿದ್ದರೆ ಯಾರ ಹತ್ತಿರ ಮಾತಾಡುವುದು?

ಸಿಡುಬನ್ನು ಓಡಿಸಿದ ದಾರಿಯನ್ನೇ ಇಲ್ಲೂ ಹಿಡಿಯಬಾರದೇ ಎಂದು ಕೇಳುವವರಿದ್ದಾರೆ. ಭಾರತದಲ್ಲಿ 1975ರಲ್ಲಿ ಸಿಡುಬು ಮುಗಿದದ್ದು ಎಲ್ಲರಿಗೂ ಲಸಿಕೆ ಹಾಕಿದ್ದರಿಂದ ಅಲ್ಲ. ರೋಗಿಯನ್ನು ಹುಡುಕಿ, ಸುತ್ತಲಿನವರಿಗೆ ಬೇಲಿ ಹಾಕಿದಂತೆ ಲಸಿಕೆ ಹಾಕಿದ್ದರಿಂದ. ಸಿಡುಬು ಮೈಮೇಲೆ ಬೊಕ್ಕೆ ಎದ್ದ ಮೇಲೆಯೇ ಹೆಚ್ಚಾಗಿ ಅಂಟುತ್ತಿತ್ತು. ದಡಾರದ ಮಗು ದದ್ದು ಏಳುವುದಕ್ಕೆ ನಾಲ್ಕು ದಿನ ಮುಂಚಿನಿಂದಲೇ ಹಂಚುತ್ತಿರುತ್ತದೆ. ಆಗ ಇರುವುದು ನೆಗಡಿ, ಕೆಮ್ಮು, ಕೆಂಗಣ್ಣು, ಜ್ವರ. ಅಂಗನವಾಡಿಗೆ ಹೋಗಿರುತ್ತದೆ, ಬಸ್ಸು ಹತ್ತಿರುತ್ತದೆ. ದದ್ದು ಕಂಡು ‘ಅಮ್ಮ ಬಂದಿದೆ’ ಎಂದು ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಈ ಬೇವಿನ ಸೊಪ್ಪನ್ನು ಹಂಗಿಸುವವರ ಸಾಲಿಗೆ ನಾನು ಸೇರುವುದಿಲ್ಲ. ಮಗುವನ್ನು ಒಳಗೆ ಮಲಗಿಸು, ನೆಂಟರನ್ನು ಬರಗೊಡಬೇಡ, ಒಗ್ಗರಣೆ ಹಾಕಬೇಡ, ತಂಪು ಕೊಡು ಎನ್ನುವ ಕಟ್ಟಳೆಯಲ್ಲಿ ಅರ್ಧ ಕ್ವಾರಂಟೈನ್ ಇದೆ. ಮಾರಮ್ಮನಿಗೆ ಮೊಸರನ್ನ ಇಟ್ಟು ಆಸ್ಪತ್ರೆಗೂ ಹೇಳಿದರೆ ತೊಂದರೆಯಿಲ್ಲ. ಹೇಳದಿದ್ದರೆ ಎರಡು ನಷ್ಟ. ಮಗುವಿಗೆ ಸಿಗಬೇಕಾದ ಎ ವಿಟಮಿನ್ನಿನ ದೊಡ್ಡ ಡೋಸ್ ತಪ್ಪುತ್ತದೆ. ಕಣ್ಣು ಮತ್ತು ಜೀವ ಎರಡನ್ನೂ ಉಳಿಸುವ ಔಷಧ ಅದು. ಎರಡನೆಯದು ಅದಕ್ಕಿಂತ ದೊಡ್ಡದು: ಸೋಂಕು ತಾಗಿದ ಮೂರು ದಿನದೊಳಗೆ ಲಸಿಕೆ ಹಾಕಿದರೆ ಸಂಪರ್ಕಕ್ಕೆ ಬಂದ ಅಕ್ಕಪಕ್ಕದ ಮಕ್ಕಳನ್ನು ಕಾಯಬಹುದು. ಆ ಮೂರು ದಿನ ಗುಟ್ಟಿನಲ್ಲಿ ಕಳೆದುಹೋಗುತ್ತವೆ.

ದಡಾರ ಸಾಮಾನ್ಯ ಕಾಯಿಲೆ, ಬಂದು ಹೋಗುತ್ತದೆ ಎಂಬ ಮಾತೂ ಇದರ ಜೊತೆ ಸೇರಿಕೊಂಡಿದೆ. ದದ್ದು ಹೋಗುತ್ತದೆ ನಿಜ. ಆದರೆ ದಡಾರವು ಮಗು ಅಲ್ಲಿಯವರೆಗೆ ಬೇರೆ ರೋಗಗಳ ವಿರುದ್ಧ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟನ್ನು ಅಳಿಸಿಬಿಡುತ್ತದೆ ಎಂದು 2019ರ ಅಧ್ಯಯನ ತೋರಿಸಿತು. ತಿಂಗಳುಗಳ ಮೇಲೆ ನ್ಯುಮೋನಿಯಾ, ಭೇದಿ ಬಂದು ಮಗು ಸತ್ತರೆ ಯಾರೂ ಅದನ್ನು ದಡಾರದ ಖಾತೆಗೆ ಬರೆಯುವುದಿಲ್ಲ. ಎರಡು ವರ್ಷದೊಳಗೆ ದಡಾರ ಕಂಡ ಕೆಲವು ಮಕ್ಕಳಲ್ಲಿ ಏಳೆಂಟು ವರ್ಷಗಳ ಮೇಲೆ ಮೆದುಳಿನಲ್ಲಿ ಅಡಗಿದ್ದ ವೈರಸ್ಸು ಏಳುತ್ತದೆ. ಓದುತ್ತಿದ್ದ ಹುಡುಗ ಮರೆಯತೊಡಗುತ್ತಾನೆ, ಕೈಕಾಲು ಬೆಚ್ಚಿ ಬೀಳುತ್ತದೆ, ಆಮೇಲೆ ಹಾಸಿಗೆ. ಎಸ್‌ಎಸ್‌ಪಿಇ ಎಂಬ ಈ ಕಾಯಿಲೆಯ ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ನೋಡುತ್ತಾ ಬಂದಿದ್ದಾರೆ. ಅದಕ್ಕೆ ಗುಣಪಡಿಸುವ ಔಷಧವಿಲ್ಲ.

ಇನ್ನು ಎಣಿಕೆಯ ಪ್ರಶ್ನೆ. ಜ್ವರದ ಜೊತೆ ದದ್ದು ಕಂಡ ಪ್ರತಿ ಮಗುವನ್ನೂ ವರದಿ ಮಾಡಬೇಕು, ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು ಎಂಬುದು ಈಗಿನ ನಿಯಮ. ಪೋಲಿಯೋಗೆಂದು ಕಟ್ಟಿದ ಕಣ್ಗಾವಲು ಜಾಲವೇ ಇದಕ್ಕೂ ದುಡಿಯುತ್ತದೆ. ಅಷ್ಟೇ ಅಲ್ಲ, ಹುಡುಕುತ್ತಿದ್ದೀರಿ ಎಂಬುದಕ್ಕೆ ಸಾಕ್ಷಿ ಬೇಕು: ಪರೀಕ್ಷಿಸಿ ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ ಎಂದು ಕೈಬಿಟ್ಟ ಪ್ರಕರಣಗಳು ವರ್ಷಕ್ಕೆ ಲಕ್ಷ ಜನಸಂಖ್ಯೆಗೆ ಎರಡಾದರೂ ಇರಬೇಕು. ಚಿತ್ರದುರ್ಗದಂಥ ಜಿಲ್ಲೆ ವರ್ಷಕ್ಕೆ ಮೂವತ್ತಮೂರು ಮಕ್ಕಳ ದದ್ದನ್ನಾದರೂ ಪರೀಕ್ಷಿಸಿ ‘ಇದಲ್ಲ’ ಎನ್ನಬೇಕೆಂದಾಯಿತು. ಹಾಗಾಗಿ 332 ಜಿಲ್ಲೆಗಳಲ್ಲಿ ಶೂನ್ಯ ಎಂದಾಗ ನಾನು ಮೊದಲು ಕೇಳುವ ಪ್ರಶ್ನೆ, ಆ ಜಿಲ್ಲೆಗಳು ಎಷ್ಟು ಮಾದರಿ ಕಳಿಸಿದವು ಎಂಬುದು. ಮಾದರಿ ಕಳಿಸದ ಜಿಲ್ಲೆಯ ಸೊನ್ನೆಯೂ ನಲವತ್ತು ಮಾದರಿ ಕಳಿಸಿದ ಜಿಲ್ಲೆಯ ಸೊನ್ನೆಯೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ದದ್ದು ಬಂದ ಮಗುವನ್ನು ಜನ ಮೊದಲು ಕರೆದೊಯ್ಯುವುದು ಖಾಸಗಿ ಕ್ಲಿನಿಕ್ಕಿಗೆ. ಅಲ್ಲಿ ‘ವೈರಲ್’ ಎಂದೋ ‘ಅಲರ್ಜಿ’ ಎಂದೋ ಚೀಟಿ ಬರೆದರೆ ಕಥೆ ಅಲ್ಲಿಗೆ ಮುಗಿಯಿತು. ಪ್ರಕರಣ ಹೆಚ್ಚು ತೋರಿಸಿದ ವೈದ್ಯಾಧಿಕಾರಿಗೆ ನೋಟಿಸು, ಸೊನ್ನೆ ತೋರಿಸಿದವನಿಗೆ ಶಹಬ್ಬಾಸ್‌ಗಿರಿ ಎಂಬ ಪದ್ಧತಿ ಇರುವವರೆಗೆ ಇದು ಸರಿಹೋಗುವುದಿಲ್ಲ.

ಗೆದ್ದವರೂ ಇದ್ದಾರೆ. ನಮ್ಮ ವಲಯದಲ್ಲಿ ಭೂತಾನ್, ಮಾಲ್ಡೀವ್ಸ್ 2017ರಲ್ಲಿ ಮುಕ್ತವಾದವು, ಶ್ರೀಲಂಕಾ 2019ರಲ್ಲಿ. ಚಿಕ್ಕ ದೇಶಗಳು, ಎರಡು ದ್ವೀಪ, ಒಂದು ಬೆಟ್ಟ; ಪಾನಂ ಕಂಡ ಸತ್ಯ ಅವುಗಳ ಪರವಾಗಿದೆ. ಆದರೂ ಶ್ರೀಲಂಕಾದಲ್ಲಿ 2023ರಲ್ಲಿ ಮತ್ತೆ ಹೊತ್ತಿಕೊಂಡಿತು. ಅಮೆರಿಕ 2000ದಲ್ಲಿ ಮುಕ್ತವೆಂದು ಘೋಷಿಸಿಕೊಂಡಿತ್ತು. 2025ರಲ್ಲಿ ಟೆಕ್ಸಸ್‌ನಲ್ಲಿ ಎದ್ದ ಕಿಚ್ಚು ಸೇರಿ ಅಲ್ಲಿ ಪ್ರಕರಣಗಳ ಸಂಖ್ಯೆ ಎರಡು ಸಾವಿರ ದಾಟಿತು. ಕೆನಡಾ 1998ರಿಂದ ಹೊಂದಿದ್ದ ಪಟ್ಟವನ್ನು 2025ರ ನವೆಂಬರಿನಲ್ಲಿ ಕಳೆದುಕೊಂಡಿತು. ಹಣ, ಆಸ್ಪತ್ರೆ, ರಸ್ತೆ ಯಾವುದಕ್ಕೂ ಕೊರತೆಯಿಲ್ಲದ ದೇಶ ಅದು. ಸರಪಳಿ ಹನ್ನೆರಡು ತಿಂಗಳು ಹರಿಯದೆ ಓಡಿದ್ದು, ಲಸಿಕೆ ಹಾಕಿಸದ ಕುಟುಂಬಗಳು ಒತ್ತಟ್ಟಿಗಿರುವ ಕೆಲವು ಸಮುದಾಯಗಳ ಒಳಗೆ.

ಹಾಗಾದರೆ ನಮ್ಮಲ್ಲಿ ಆಗಬೇಕಾದದ್ದು? ದೊಡ್ಡ ಅಭಿಯಾನ ಇನ್ನೊಂದು ಬೇಕೆಂದು ನನಗನಿಸುವುದಿಲ್ಲ. ಅಭಿಯಾನ ಸುಲಭಕ್ಕೆ ಸಿಗುವ ಮಕ್ಕಳಿಗೇ ಮೂರನೆಯ ಡೋಸ್ ಹಾಕಿ ಬರುತ್ತದೆ. ಒಂದನೇ ತರಗತಿಗೆ ಸೇರುವಾಗ ತಾಯಿ ಕಾರ್ಡ್ ನೋಡಿ ಬಾಕಿ ಇದ್ದವರಿಗೆ ಅಲ್ಲೇ ಹಾಕುವುದು, ಕಾಫಿ ಸೀಮೆಯ ಲೈನ್ ಮನೆಗಳಿಗೆ ಕೊಯ್ಲಿನ ಮೊದಲ ವಾರವೇ ಲಸಿಕೆ ತಂಡ ಹೋಗುವುದು, ಗುಳೆ ಹೊರಡುವ ತಾಂಡಾದಲ್ಲಿ ಹೊರಡುವ ಮುಂಚೆ ಒಂದು ಸುತ್ತು, ಖಾಸಗಿ ವೈದ್ಯರಿಂದ ದದ್ದಿನ ವರದಿ. ಇವು ಯಾವುವೂ ಪತ್ರಿಕೆಯ ಮುಖಪುಟಕ್ಕೆ ಬರುವ ಕೆಲಸಗಳಲ್ಲ. ತಾಂತ್ರಿಕವಾಗಿ ಒಂದು ಭರವಸೆಯೂ ಕಾಣುತ್ತಿದೆ. ಸೂಜಿಯಿಲ್ಲದೆ ಚರ್ಮಕ್ಕೆ ಅಂಟಿಸುವ ದಡಾರ–ರುಬೆಲ್ಲಾ ಪಟ್ಟಿಯನ್ನು ಗ್ಯಾಂಬಿಯಾದಲ್ಲಿ ಮಕ್ಕಳ ಮೇಲೆ ಪ್ರಯೋಗಿಸಿ 2024ರಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದರು. ಬೆರೆಸುವುದಿಲ್ಲ, ವಯಲ್ ಒಡೆಯುವುದಿಲ್ಲ, ಒಂದು ಮಗುವಿಗೆ ಒಂದು ಪಟ್ಟಿ. ದೊಡ್ಡರೋಗವನ್ನು ಓಡಿಸಿದ ಲಸಿಕೆಯ ಹಾಗೆ ಮಂದೆಯ ಹಿಂದೆ ನಡೆದು ಹೋಗಬಲ್ಲ ಲಸಿಕೆ ಅದಾಗಬಹುದು. ಆದರೆ ಅದು ಹಳ್ಳಿಗೆ ಬರಲು ಇನ್ನೂ ವರ್ಷಗಳು ಬೇಕು.

ಗಡುವು ಮಾತ್ರ ಕಾಯುವುದಿಲ್ಲ. 2026ರ ಕೊನೆಯ ದಿನ ದೇಶದ ಕೊನೆಯ ಸರಪಳಿ ಕಡಿದುಬಿದ್ದಿತು ಎಂದೇ ಇಟ್ಟುಕೊಂಡರೂ ಪರಿಶೀಲನೆಗೆ ಮೂರು ವರ್ಷದ ಲೆಕ್ಕ ಒಪ್ಪಿಸಬೇಕು, ಪ್ರಮಾಣಪತ್ರ 2029ರ ಕೊನೆಗೆ. ಆ ಮೂರು ವರ್ಷದಲ್ಲಿ ಇನ್ನೂ ಏಳು ಕೋಟಿಯಷ್ಟು ಕೂಸುಗಳು ಹುಟ್ಟಿರುತ್ತವೆ. ಇವತ್ತಿನ ಪ್ರಮಾಣವೇ ಮುಂದುವರಿದರೆ ಅವರಲ್ಲಿ ಐವತ್ತು ಲಕ್ಷ ಮಕ್ಕಳು ಹೊಸದಾಗಿ ಬಾಕಿ ಪಟ್ಟಿಗೆ ಸೇರಿರುತ್ತಾರೆ.